ತೊಂಬತ್ತು ದಾಟಿ ಬಾಳಿದ ಅಜ್ಜನ ನೆನಪಿನ ಪುಸ್ತಿಕೆ: ಎಲ್ಲಿಂದ ಶುರು ಮಾಡುವುದು?

ಮೊಮ್ಮಗಳು:
ಅಜ್ಜ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಬದುಕಿಡೀ ಬಡಗಿ ಕೆಲಸ, ಐದು ಮಕ್ಕಳು, ಜೊತೆಗೆ ವಾಚನಾಲಯದ ಲೆಕ್ಕಪತ್ರ ನೋಡಿಕೊಂಡವರು. 16 ಪುಟದ ಪುಸ್ತಿಕೆ ಮಾಡಬೇಕೆಂದಿದ್ದೇವೆ. ಬರೆದುಕೊಟ್ಟವರೆಲ್ಲ ಬರೆದದ್ದು ಒಂದೇ: ಶ್ರಮಜೀವಿ, ಪರೋಪಕಾರಿ, ಮಿತಭಾಷಿ. ಇಸವಿ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಫೋಟೊಗಳು ಅಂಟು ಹಾಳೆಯ ಆಲ್ಬಮ್‌ನಲ್ಲಿ ಕಚ್ಚಿಕೊಂಡಿವೆ. ದಾರಿ ಹೇಳಿ.

ಹಳೇಕಡತ:
ಈಗಲೇ ಬರೆಯಲು ಕೂರಬೇಡಿ, ಮೊದಲು ಕಾಲಪಟ್ಟಿ ಮಾಡಿ. ನಾಲ್ಕು ಕಾಲಂ ಸಾಕು: ಇಸವಿ, ಆಗ ಅವರ ವಯಸ್ಸು, ಏನಾಯಿತು, ಹೇಳಿದ್ದು ಯಾರು ಅಥವಾ ಯಾವ ಕಾಗದ. ಎರಡನೇ ಕಾಲಂ ಅರ್ಧ ಗೊಂದಲ ಬಿಡಿಸುತ್ತದೆ. ಹುಟ್ಟಿದ್ದು 1932, ಸ್ವಂತ ಗುತ್ತಿಗೆ ಹಿಡಿದದ್ದು 1941 ಎಂದು ಬಂದರೆ ಒಂಬತ್ತು ವರ್ಷದ ಹುಡುಗ ಗುತ್ತಿಗೆದಾರನಾದ ಹಾಗಾಯಿತು. ಎರಡರಲ್ಲಿ ಒಂದಂತೂ ತಪ್ಪು. ಹಿಂದಿನವರ ಹುಟ್ಟಿದ ದಿನಾಂಕವನ್ನು ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿರುವುದೂ ಉಂಟು. ಒಡಹುಟ್ಟಿದವರ ನಡುವಿನ ಅಂತರ, ಮದುವೆಯ ವರ್ಷ, ಮೊದಲ ಮಗುವಿನ ಜನನ ಪ್ರಮಾಣಪತ್ರ ಮೂರನ್ನೂ ಎದುರುಬದುರು ಇಟ್ಟು ನೋಡಿ. ಆಗಲೂ ಹೊಂದದಿದ್ದರೆ ‘1950ರ ಸುಮಾರಿಗೆ’ ಎಂದು ಬರೆಯುವುದೇ ಪ್ರಾಮಾಣಿಕ.

ವಯಸ್ಸಾದವರಿಗೆ ಇಸವಿ ನೆನಪಿರುವುದಿಲ್ಲ, ಹಿಂದುಮುಂದು ನೆನಪಿರುತ್ತದೆ. ‘ಯಾವ ವರ್ಷ?’ ಎನ್ನುವ ಬದಲು ‘ದೊಡ್ಡ ಮಗ ಹುಟ್ಟುವ ಮೊದಲೋ, ಆಮೇಲೋ?’ ಎಂದು ಕೇಳಿ.

ವಾಚನಾಲಯದ ವಿಷಯಕ್ಕೆ ಬಾಯಿಮಾತು ನೆಚ್ಚಬೇಡಿ. ನಡಾವಳಿ ಪುಸ್ತಕ, ರಸೀದಿ ಪುಸ್ತಕದಲ್ಲಿ ಉಳಿದ ಪ್ರತಿಗಳು, ವಾರ್ಷಿಕ ಲೆಕ್ಕ ತೆಗೆಸಿ ಅವರ ಮೊದಲ ಸಹಿ ಯಾವತ್ತು, ಕೊನೆಯದು ಯಾವತ್ತು ನೋಡಿ. ಎಷ್ಟು ವರ್ಷ ದುಡಿದರು ಎಂಬುದು ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ‘ವಾಚನಾಲಯ ಕಟ್ಟಿಸಿದರು’ ಎಂದು ಬರೆಯುವ ಮುನ್ನ ಸಮಿತಿಯಲ್ಲಿ ಇನ್ನು ಯಾರಿದ್ದರು ನೋಡಿಕೊಳ್ಳಿ. ಅವರ ಮಕ್ಕಳೂ ಈ ಪುಸ್ತಿಕೆ ಓದುತ್ತಾರೆ! ‘ಕಟ್ಟಡ ಸಮಿತಿಯ ಖಜಾಂಚಿಯಾಗಿದ್ದರು’ ಎಂದರೆ ತೂಕವೂ ಇದೆ, ತಕರಾರೂ ಇಲ್ಲ.

ಧ್ವನಿಮುದ್ರಣ:
ಗುಣ ಹೇಳುವ ಪದಗಳನ್ನೆಲ್ಲ ಹೊಡೆದುಹಾಕಿ, ಪ್ರತಿಯೊಂದರ ಜಾಗದಲ್ಲಿ ಅವರು ಮಾಡಿದ ಒಂದು ಕೆಲಸ ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಆ ಪದವೇ ಬೇಡ. ‘ಶ್ರಮಜೀವಿ’ ಎಂದರೆ ಎಷ್ಟು ಗಂಟೆಗೆ ಏಳುತ್ತಿದ್ದರು, ಉಳಿ ಮಸೆಯುವುದು ಕೆಲಸಕ್ಕೆ ಮುಂಚೆಯೋ ಮುಗಿದ ಮೇಲೋ, ಗರಗಸವನ್ನು ಬೇರೆಯವರಿಗೆ ಕೊಡುತ್ತಿದ್ದರೋ ಇಲ್ಲವೋ, ಕೂಲಿ ಬಂದ ದಿನ ಹಣ ಮೊದಲು ಯಾರ ಕೈಗೆ ಹೋಗುತ್ತಿತ್ತು, ಇಂಥವು.

‘ಅಜ್ಜ ಹೇಗಿದ್ದರು?’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬ ಉತ್ತರವಷ್ಟೇ ಬರುತ್ತದೆ. ಅವರ ಬಾಚಿಯನ್ನೋ ಹಳೆಯ ಲೆಕ್ಕದ ಪುಸ್ತಕವನ್ನೋ ಮುಂದಿಟ್ಟು ಮಾತು ತೆಗೆಯಿರಿ. ಹಿರಿಯರನ್ನು ಒಂದು ಸಲಕ್ಕೆ 40–45 ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ, ಒಬ್ಬೊಬ್ಬರನ್ನೇ ಕೇಳಿ. ನಾಲ್ಕು ಜನ ಸೇರಿದರೆ ಜೋರು ದನಿಯವರ ಕಥೆಯೇ ಉಳಿಯುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಮಡಿಸಿದ ಬಟ್ಟೆಯ ಮೇಲೆ ಇಟ್ಟು ಒಂದು ನಿಮಿಷ ಮುದ್ರಿಸಿ ಕೇಳಿದ ಮೇಲೆಯೇ ಶುರು ಮಾಡಿ. ಟೇಬಲ್ ಮೇಲೆ ಬರಿದೇ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಬೀಳುತ್ತದೆ.

ಅಚ್ಚುಮೊಳೆ:
ಫೋಟೊ ಎಳೆಯಬೇಡಿ, ಮೂಲೆ ಹರಿಯುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೊಗೂ ಹಾಳೆಗೂ ನಡುವೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿ. ಬಿಡದಿದ್ದರೆ ಮೇಲಿನ ಪ್ಲಾಸ್ಟಿಕ್ ಸರಿಸಿ ಇಡೀ ಹಾಳೆಯನ್ನೇ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿದ ಫೋಟೊವನ್ನಂತೂ ಗಾಜಿನ ಸಮೇತವೇ ಸ್ಕ್ಯಾನ್ ಮಾಡಬೇಕು.

ಅಚ್ಚಿಗೆ 300 ಡಿಪಿಐ (ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂಬ ಲೆಕ್ಕ) ಬೇಕು. 3.5 ಸೆಂ.ಮೀ. ಅಗಲದ ಪಾಸ್‌ಪೋರ್ಟ್ ಫೋಟೊವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ನಾಲ್ಕು ಪಟ್ಟು ಹಿಗ್ಗಿಸಬಹುದು, ಅಂದರೆ 14 ಸೆಂ.ಮೀ.; ಎ5 (ಎ4 ಹಾಳೆಯ ಅರ್ಧ) ಪುಟದ ಅಗಲ 14.8, ಮುಖಪುಟಕ್ಕೆ ಸಾಕು. ಮೂಲ ಮಸುಕಾಗಿದ್ದರೆ ಮಾತ್ರ ಎಷ್ಟು ಡಿಪಿಐ ಕೊಟ್ಟರೂ ಪ್ರಯೋಜನವಿಲ್ಲ. ಫೈಲನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 16 ಪುಟಕ್ಕೆ ಎ4 ಹಾಳೆ ನಾಲ್ಕು. ಬರಹ 17ಕ್ಕೆ ಹರಿದರೆ 20 ಮಾಡಬೇಕು, ಇಲ್ಲವೇ ಕತ್ತರಿಸಬೇಕು. ಕತ್ತರಿಸುವುದೇ ವಾಸಿ.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದದ್ದನ್ನು ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತಕ್ಕೆ) ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಬಹುದು, ಸಾಲುಸಾಲಾಗಿ ನೋಡಿ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

ಮೊಮ್ಮಗಳು:
ಎಲ್ಲರಿಗೂ ಧನ್ಯವಾದ. ಒಂದು ತೊಡಕಿದೆ. ಅಜ್ಜನಿಗೂ ಅವರ ತಮ್ಮನಿಗೂ ಬಹಳ ವರ್ಷ ಮಾತಿರಲಿಲ್ಲ. ಅದನ್ನು ಬರೆಯಬೇಕೇ, ಬಿಡಬೇಕೇ?

ಹಳೇಕಡತ:
ಕಾರಣ ಬರೆಯಬೇಡಿ, ತಮ್ಮನ ಹೆಸರನ್ನು ಬಿಡಲೂಬೇಡಿ. ಒಡಹುಟ್ಟಿದವರ ಪಟ್ಟಿಯಲ್ಲಿ ಹುಟ್ಟಿದ ಕ್ರಮದಲ್ಲಿ ಅವರ ಹೆಸರೂ ಬರಲಿ. ಜಗಳ ಏಳುವುದು ಬರಹದಿಂದಲ್ಲ, ಹೆಸರಿನ ಪಟ್ಟಿಯಿಂದ: ಬಿಟ್ಟುಹೋದ ಸೊಸೆ, ಚಿಕ್ಕಂದಿನಲ್ಲೇ ತೀರಿಹೋದ ಮಗು, ತಪ್ಪಾಗಿ ಬಿದ್ದ ಇನಿಶಿಯಲ್. ಪಟ್ಟಿಯನ್ನು ಪ್ರತಿ ಕವಲಿನ ಒಬ್ಬರಿಗೆ ಕಳಿಸಿ ಒಪ್ಪಿಗೆಯನ್ನು ಬರಹದಲ್ಲೇ ತರಿಸಿಕೊಳ್ಳಿ. ಕೊನೆಯ ಮಾತು ಯಾರದು ಎಂಬುದನ್ನೂ ಮೊದಲೇ ತೀರ್ಮಾನಿಸಿ; ಐದು ಜನ ತಿದ್ದಿದರೆ ಕರಡು ಮುಗಿಯುವುದೇ ಇಲ್ಲ.

ಅಚ್ಚುಮೊಳೆ:
ಪಿಡಿಎಫನ್ನು ಜಾಲದಲ್ಲಿ ಹಂಚುವುದಾದರೆ ಮನೆ ವಿಳಾಸ, ಬದುಕಿರುವವರ ಪೂರ್ತಿ ಹುಟ್ಟಿದ ದಿನಾಂಕ, ಫೋನ್ ಸಂಖ್ಯೆ ತೆಗೆದ ಬೇರೆ ಪ್ರತಿ ಮಾಡಿ. ಅಚ್ಚಿಗೆ ಕೊಡುವ ಮುನ್ನ ಒಂದೇ ಪ್ರತಿ ಮುದ್ರಿಸಿ ಮಡಿಸಿ ನೋಡಿ, ಮಡಿಕೆಯ ಗೆರೆ ಯಾರ ಮುಖದ ಮೇಲೂ ಬೀಳಬಾರದು. ಎರಡು ಪುಟಕ್ಕೆ ಹರಡಿದ ಗುಂಪು ಫೋಟೊದಲ್ಲಿ ಸಾಮಾನ್ಯವಾಗಿ ನಡುವೆ ಕೂತ ಅಜ್ಜನೇ ಮಡಿಕೆಗೆ ಸಿಕ್ಕಿಹೋಗುತ್ತಾರೆ.