ಸಹಾಯ ಬೇಕು: ಮಗಳು ಐರನ್ ಮಾತ್ರೆ ನುಂಗುತ್ತಿಲ್ಲ

ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.2 ಇದೆ, ಕನಿಷ್ಠ 12 ಇರಬೇಕಿತ್ತು. ಅವಳು ಮಾತ್ರ "ಜ್ವರ ಇಲ್ಲ, ದಪ್ಪ ಇಲ್ಲ, ಚೆನ್ನಾಗೇ ಇದೀನಲ್ಲಮ್ಮ" ಅನ್ನುತ್ತಾಳೆ. ಈ ವಯಸ್ಸಿಗೆ ಸಣ್ಣಗಿದ್ದ ಮಾತ್ರಕ್ಕೆ ಆರೋಗ್ಯ ಅಂತಲ್ಲ, ಅಲ್ವಾ?

ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ನುಂಗುತ್ತಾಳೆ ಅಂದುಕೊಂಡಿದ್ದೆ. ಮೊನ್ನೆ ಜಾಮಿಟ್ರಿ ಬಾಕ್ಸಿನಲ್ಲಿ ಐದು ಸಿಕ್ಕವು, ಪೆನ್ಸಿಲ್ ಪುಡಿ ಮೆತ್ತಿಕೊಂಡಿತ್ತು. ನೋಡಿ ಅಳು ಬಂತು.

ನುಗ್ಗೆ ಸೊಪ್ಪಿನ ಪಲ್ಯ ಮಾಡಿದೆ, ಊಟವಾದ ತಕ್ಷಣ ಟೀ ಕುಡಿಯುವುದನ್ನು ಬಿಡಿಸಿದೆ. ಡಾಕ್ಟರು ಈಗ ದಿನಕ್ಕೊಂದು ಮಾತ್ರೆ ಬರೆದಿದ್ದಾರೆ. ಬೆಳಿಗ್ಗೆ ನುಂಗಿದರೆ ವಾಕರಿಕೆ ಬರುತ್ತದೆ ಅಂತ ಅದನ್ನೂ ನಿಲ್ಲಿಸಿದ್ದಾಳೆ. ಬೈದರೆ ಇನ್ನೂ ಜಾಸ್ತಿ ಹಟ.

ರಾತ್ರಿ ಊಟವಾದ ಮೇಲೆ ನಿಂಬೆ ಪಾನಕದ ಜೊತೆ ಕೊಟ್ಟು ನಿಮ್ಮ ಮಕ್ಕಳಿಗೆ ಒಗ್ಗಿದೆಯಾ? ಏನು ಹೇಳಿ ಒಪ್ಪಿಸಿದಿರಿ?