ರಾಜನ ಕಡೆಯವರ ಮುಖಕ್ಕೇ ಬಾಗಿಲು ಹಾಕ್ತಾರಲ್ಲ, ಯಾಕೆ?

ಪ್ರಶ್ನೆ
ಬ್ರಿಟನ್ ಸಂಸತ್ತಿನ ಅಧಿವೇಶನ ಶುರುವಾಗುವ ದಿನದ ವಿಡಿಯೋ ನೋಡುತ್ತಿದ್ದೆವು, ನಾನೂ ಮಗಳೂ. ಕರಿ ಕೋಲು ಹಿಡಿದ ಅಧಿಕಾರಿಯೊಬ್ಬರು ರಾಜರ ಕರೆ ಹೊತ್ತು ಕೆಳಮನೆಗೆ ಬಂದರು. ಹತ್ತಿರ ಬರುತ್ತಿದ್ದ ಹಾಗೇ ಒಳಗಿನವರು ದಢಾರಂತ ಬಾಗಿಲು ಹಾಕಿಬಿಟ್ಟರು! ಕೋಲಿನಿಂದ ಮೂರು ಸಲ ಬಡಿದ ಮೇಲೇ ತೆಗೆದದ್ದು. ‘ಮನೆಗೆ ಬಂದವರಿಗೆ ಹೀಗೆ ಮಾಡ್ತಾರಾ ಅಪ್ಪ?’ ಅಂದಳು. ಒಂದನೇ ಚಾರ್ಲ್ಸ್ ಕಾಲದ ಜಗಳ ಅಂತಷ್ಟೇ ನನಗೆ ಗೊತ್ತು. ಬಲ್ಲವರು ಹೇಳಿ.

ಉತ್ತರ (ನಿವೃತ್ತ ಮೇಷ್ಟ್ರು)
ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಮಕ್ಕಳು ಚಾರ್ಲ್ಸ್‌ನ ತಲೆ ಕಡಿದ ವರ್ಷ 1649 ಅಂತ ಬಾಯಿಪಾಠ ಮಾಡುತ್ತಿದ್ದರು, ಈ ಬಾಗಿಲ ಕಥೆ ಕೇಳಿದವರು ನಿಮ್ಮ ಮಗಳೊಬ್ಬಳೇ. ಭೇಷ್.

1642ರ ಜನವರಿ 4. ತನ್ನನ್ನು ವಿರೋಧಿಸುತ್ತಿದ್ದ ಪಿಮ್, ಹ್ಯಾಂಪ್ಡನ್ ಸೇರಿ ಐವರು ಸದಸ್ಯರನ್ನು ಹಿಡಿಯಲು ಚಾರ್ಲ್ಸ್ ತಾನೇ ಕೆಳಮನೆಗೆ ನುಗ್ಗಿದ. ಹೊರಗೆ ಕತ್ತಿ, ಪಿಸ್ತೂಲು ಹಿಡಿದ ಜನ. ಅವರು ಒಳಗಿನವರ ಕಣ್ಣಿಗೆ ಬೀಳಲಿ ಅಂತ ರಾಜನ ಕಡೆಯ ಒಬ್ಬ ಬಾಗಿಲಿಗೆ ಒರಗಿಯೇ ನಿಂತಿದ್ದ, ಮುಚ್ಚಲು ಬಿಡದೆ. ರಾಜ ಸ್ಪೀಕರ್ ಕುರ್ಚಿ ಹತ್ತಿರ ಹೋಗಿ, ಅವರೆಲ್ಲಿ ಅಂತ ಕೇಳಿದ. ಸ್ಪೀಕರ್ ಲೆಂಥಾಲ್ ಮಂಡಿಯೂರಿದರು. ಆದರೆ ಬಾಯಿ ಬಿಡಲಿಲ್ಲ. ಈ ಸಭೆ ಹೇಳಿದ ಹೊರತು ನನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಅಂದುಬಿಟ್ಟರು. ಆ ಐವರೋ, ಸುದ್ದಿ ತಿಳಿದು ಆಗಲೇ ಥೇಮ್ಸ್ ನದಿಯಲ್ಲಿ ದೋಣಿ ಹತ್ತಿ ಜಾಗ ಖಾಲಿ ಮಾಡಿದ್ದರು. ‘ನನ್ನ ಹಕ್ಕಿಗಳೆಲ್ಲ ಹಾರಿಹೋಗಿವೆ’ ಅಂತ ಚಾರ್ಲ್ಸ್ ಬರಿಗೈಲಿ ವಾಪಸ್ಸಾದ.

ಆರೇ ದಿನಕ್ಕೆ ಲಂಡನ್ ಬಿಟ್ಟ. ಮತ್ತೆ ಬಂದದ್ದು 1649ರಲ್ಲಿ, ಕೈದಿಯಾಗಿ. 1642ರ ಆ ದಿನದಿಂದ ಇವತ್ತಿನವರೆಗೆ ಅಧಿವೇಶನ ನಡೆಯುವಾಗ ಯಾವ ರಾಜ, ರಾಣಿಯೂ ಆ ಮನೆಯೊಳಗೆ ಕಾಲಿಟ್ಟಿಲ್ಲ. ರಾಜನ ಕಡೆಯವರಾದರೂ ನಾವು ಬಿಟ್ಟರೇ ಒಳಗೆ ಅಂತ ನೆನಪಿಸೋಕೇ ಆ ಬಾಗಿಲು ಹಾಕೋದು.

ಇನ್ನೊಂದು ಉತ್ತರ
ಮೇಷ್ಟ್ರೇ, ಜಗಳದ ಬೇರು ದುಡ್ಡಲ್ವಾ? 1629ರಿಂದ 11 ವರ್ಷ ಸಂಸತ್ತನ್ನೇ ಕರೆಯದೆ ಆಳಿದನಲ್ಲ, ಖರ್ಚಿಗೆ ಏನು ಮಾಡಿದ ಅನ್ನೋದನ್ನೂ ಹೇಳಿ.

ಮೇಷ್ಟ್ರು
ಒಳ್ಳೇ ಮಾತು. ಹಡಗು ತೆರಿಗೆ ಅಂತ ಒಂದಿತ್ತು. ಯುದ್ಧ ಬಂದಾಗ ಕರಾವಳಿ ಊರುಗಳು ಹಡಗು ಕೊಡಬೇಕು, ಇಲ್ಲವೇ ದುಡ್ಡು. ಇವನು 1635ರಲ್ಲಿ ಸಮುದ್ರವನ್ನೇ ಕಾಣದ ಒಳನಾಡಿಗೂ ಅದನ್ನು ಹೇರಿದ, ಅದೂ ಯುದ್ಧವಿಲ್ಲದಾಗ. ಹ್ಯಾಂಪ್ಡನ್ ಕೊಡಲ್ಲ ಅಂದ. ಅವನ ಪಾಲಿಗೆ ಬಂದದ್ದು 20 ಶಿಲ್ಲಿಂಗ್, ಅಂದರೆ ಒಂದು ಪೌಂಡು. ಆಸಾಮಿ ಭಾರಿ ಜಮೀನುದಾರ, ಅದೊಂದು ಲೆಕ್ಕವೇ ಅಲ್ಲ. ಸಂಸತ್ತು ಒಪ್ಪದೆ ಒಂದು ಕಾಸೂ ಕೊಡಲ್ಲ ಅನ್ನೋದು ಹಟ. 12 ಜನ ನ್ಯಾಯಾಧೀಶರಲ್ಲಿ 7 ಜನ ರಾಜನ ಕಡೆ ತೀರ್ಪು ಕೊಟ್ಟರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತಾರೆ. ಗೆದ್ದ ರಾಜನಿಗೆ ಅದು ಸರಿಹೋಯಿತು ನೋಡಿ. ರಾಜನ ನ್ಯಾಯಾಧೀಶರಲ್ಲೇ 5 ಜನ ಅವನ ಜೊತೆಗಿಲ್ಲ ಅಂತ ಊರಿಗೆಲ್ಲ ಗೊತ್ತಾಯಿತು, ಆಮೇಲೆ ತೆರಿಗೆ ಕೊಡುವವರೇ ಕಮ್ಮಿಯಾದರು.

ಅಂದಹಾಗೆ ಮಗಳಿಗೆ ಇದನ್ನೂ ಹೇಳಿ. ರಾಜರು ಅಧಿವೇಶನ ಶುರುಮಾಡಲು ಹೋದಾಗ ಅವರು ವಾಪಸ್ಸು ಬರುವವರೆಗೆ ಕೆಳಮನೆಯ ಒಬ್ಬ ಸದಸ್ಯರನ್ನು ಅರಮನೆಯಲ್ಲಿ ಒತ್ತೆ ಇಟ್ಟುಕೊಳ್ಳುತ್ತಾರೆ, ಶಾಸ್ತ್ರಕ್ಕೆ, ಈಗಲೂ.

ಪ್ರಶ್ನೆ ಕೇಳಿದವರು
ಹೇಳಿದೆ ಸಾರ್. ಅರಮನೆಯಲ್ಲಿ ಅವರಿಗೆ ಊಟ ಹಾಕ್ತಾರಾ ಅಂತ ಕೇಳ್ತಿದ್ದಾಳೆ.