ಈಗಲ್ ಹೌಸ್ ಬಗ್ಗೆ ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಮೇಘನಾ: (ಫಾರ್ವರ್ಡ್, ಫೋಟೋ ಜೊತೆ) "ಹೆಂಗಸರಿಗೆ ಮತದ ಹಕ್ಕು ತಂದುಕೊಟ್ಟ ಮನೆ." ಇದು ಇಂಗ್ಲೆಂಡಿನ ಬಾತ್ ಊರಿನ ಹತ್ತಿರ, ಬಾತೀಸ್ಟನ್ ಹಳ್ಳಿಯ ಈಗಲ್ ಹೌಸ್. ಹೋರಾಟಗಾರ್ತಿಯರು ಜೈಲಿನಿಂದ ಬಂದು ಇಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ತೋಟದಲ್ಲಿ ಒಂದೊಂದು ಗಿಡ ನೆಡುತ್ತಿದ್ದರು. 1909ರಿಂದ 1911ರೊಳಗೆ ಕಡಿಮೆ ಅಂದರೂ 47 ಗಿಡ. ಎಲ್ಲರೂ ಓದಿ.

ರಘು ಚಿಕ್ಕಪ್ಪ: ಓದಿದೆ. ನನಗೆ ಒಪ್ಪಿಗೆಯಿಲ್ಲ. ಮನೆ ಯಜಮಾನ ಲಿನ್ಲಿ ಬ್ಲಾತ್‌ವೇಟ್ ಒಬ್ಬ ಕರ್ನಲ್. ನಮ್ಮನ್ನು ಆಳಿದವರ ಸೇನೆಯಲ್ಲಿ, ಇಲ್ಲೇ ಭಾರತದಲ್ಲಿದ್ದು ನಿವೃತ್ತನಾದವನು. ಹಕ್ಕು ತಂದವರು ಬೀದಿಗಿಳಿದ ಹೆಂಗಸರು. ಆ್ಯನಿ ಕೆನಿ ಹತ್ತನೇ ವಯಸ್ಸಿಗೇ ಹತ್ತಿ ಗಿರಣಿಗೆ ಹೋದವಳು. ಅಲ್ಲೇ ಒಂದು ಬೆರಳು ಕಳೆದುಕೊಂಡಳು. 1905ರಲ್ಲಿ ಮ್ಯಾಂಚೆಸ್ಟರಿನ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿ ಜೈಲಿಗೆ ಹೋದಳು. ಹೊಗಳುವುದಾದರೆ ಅವಳನ್ನು ಹೊಗಳಿ.

ಮೇಘನಾ: ಚಿಕ್ಕಪ್ಪ, ಆ ತೋಟಕ್ಕೆ ಇದ್ದದ್ದು ಅವರದೇ ಹೆಸರು. ಕರ್ನಲ್ ಹೆಸರಲ್ಲ. ಗಿರಣಿಯಿಂದ ಬಂದ ಹುಡುಗಿಯ ಹೆಸರನ್ನು ಆ ಮನೆಯವರು ತಮ್ಮ ಜಾಗಕ್ಕೆ ಇಟ್ಟರು. ಆ ಕಾಲದಲ್ಲಿ ಅದು ಸಣ್ಣ ವಿಷಯನಾ?

ಪ್ರಕಾಶ ಭಾವ: ಆದರೆ ಅದೇ ಮನೆಯವರು ಹೋರಾಟ ಬಿಟ್ಟರಲ್ಲ? ಯಜಮಾನಿ ಎಮಿಲಿ 1909ರಲ್ಲೇ ಮತದ ಹಕ್ಕಿಗೆ ಹೋರಾಡುತ್ತಿದ್ದ ಹೆಂಗಸರ ಸಂಘಟನೆಗೆ ರಾಜೀನಾಮೆ ಕೊಟ್ಟರು. ಮಗಳು ಮೇರಿ 1913ರಲ್ಲಿ. ಕಿಟಕಿ ಒಡೆಯೋದು, ಬೆಂಕಿ ಹಚ್ಚೋದು ಶುರುವಾದಾಗ ಹಿಂದೆ ಸರಿದರು. ಇದನ್ನು ಫಾರ್ವರ್ಡ್‌ನಲ್ಲಿ ಯಾಕೆ ಬರೆದಿಲ್ಲ?

ಮೇಘನಾ: ಬರೆಯಬೇಕಿತ್ತು, ನಿಜ. ಆದರೆ ಇಸವಿ ನೋಡಿ ಭಾವ. ಎಮಿಲಿ ರಾಜೀನಾಮೆ ಕೊಟ್ಟದ್ದು 1909ರಲ್ಲಿ. ಗಿಡ ನೆಡೋದು ನಡೆದದ್ದು 1911ರವರೆಗೆ. ಕಲ್ಲೆಸೆಯೋದು ತಪ್ಪು ಅಂತ ಹೇಳಿದವರೇ ಮನೆ ಬಾಗಿಲು ಮುಚ್ಚಲಿಲ್ಲ. ನನಗೆ ಇದೇ ಜಾಸ್ತಿ ಇಷ್ಟವಾದದ್ದು. ಒಪ್ಪದ ಕೆಲಸ ಮಾಡಿದವರನ್ನೂ ಒಳಗೆ ಕರೆದು ಊಟ ಹಾಕಿದರು.

ಸುಧಾ ಅತ್ತೆ: ನಾನೊಂದು ಮಾತು ಹೇಳ್ತೀನಿ. ನರ್ಸ್ ಆಗಿ ಎಷ್ಟೋ ರೋಗಿಗಳಿಗೆ ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಹೋಗುವ ಕೊಳವೆ, ಹಾಕಿದ್ದೇನೆ. ರೋಗಿ ಒಪ್ಪಿ, ಹೇಳಿದಾಗ ನುಂಗಿ ಸಹಕರಿಸಿದರೂ ಕಣ್ಣಲ್ಲಿ ನೀರು ಬರುತ್ತೆ. 1909ರ ಸೆಪ್ಟೆಂಬರ್‌ನಿಂದ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ಉಪವಾಸ ಕೂತವರನ್ನು ಕೈಕಾಲು ಹಿಡಿದು, ಬಲವಂತವಾಗಿ ಕೊಳವೆ ತೂರಿಸಿ ಉಣಿಸಿದರು. ಷಾರ್ಲಟ್ ಮಾರ್ಷ್ ಅನ್ನೋ ಹೋರಾಟಗಾರ್ತಿ ಅದನ್ನು ಎಷ್ಟೋ ಸಲ ಅನುಭವಿಸಿದರು. ಅವರೂ ಈ ತೋಟಕ್ಕೆ ಬಂದು ಗಿಡ ನೆಟ್ಟಿದ್ದಾರೆ. ಅಂಥ ಹಿಂಸೆ ಆದಮೇಲೆ ಗಂಟಲು ಉರಿಯುತ್ತೆ, ಊಟ ಕಂಡರೇ ಭಯ ಆಗುತ್ತೆ. ಶಾಂತವಾದ ಒಂದು ಕೋಣೆ, ಬಿಸಿ ಸೂಪು, ಪ್ರಶ್ನೆ ಕೇಳದ ಜನ ಬೇಕಾಗುತ್ತೆ. ರಘು, ಅದನ್ನು ಯಾರೋ ಮಾಡಲೇಬೇಕಿತ್ತು. ನೀನು ಅದನ್ನು ಹಗುರ ಮಾಡಬೇಡ.

ರಘು ಚಿಕ್ಕಪ್ಪ: ಅಕ್ಕ, ಹಗುರ ಮಾಡ್ತಿಲ್ಲ. ನೋಡಿಕೊಂಡದ್ದು ದೊಡ್ಡ ಕೆಲಸವೇ. ಆದರೆ "ಹಕ್ಕು ತಂದುಕೊಟ್ಟ ಮನೆ" ಅನ್ನೋದು ಸುಳ್ಳು. 1918ರ ಕಾನೂನಿನಲ್ಲಿ ಮತ ಸಿಕ್ಕಿದ್ದು 30 ದಾಟಿದ ಹೆಂಗಸರಿಗೆ ಮಾತ್ರ, ಅದೂ ಆಸ್ತಿಯ ಷರತ್ತಿನ ಮೇಲೆ. 21 ತುಂಬಿದ ಎಲ್ಲರಿಗೂ ಸಿಕ್ಕಿದ್ದು 1928ರಲ್ಲಿ. ಗಿರಣಿಯ ಹುಡುಗಿಯರು ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಆ ಫಾರ್ವರ್ಡ್‌ನಲ್ಲಿ ಅವರ ಸುದ್ದಿಯೇ ಇಲ್ಲ.

ಮೇಘನಾ: ಆ ಸಾಲಿಗೆ ನನ್ನದೂ ವಿರೋಧವೇ. "ಆಸರೆ ಕೊಟ್ಟ ಮನೆ" ಅಂತಿದ್ದರೆ ಸಾಕು. ಆದರೆ ತೋಟ ಏನಾಯಿತು ಗೊತ್ತಾ? 1960ರ ದಶಕದಲ್ಲಿ ಮನೆಗಳನ್ನು ಕಟ್ಟೋಕೆ ಮರ ಎಲ್ಲಾ ತೆಗೆದರು. ಉಳಿದದ್ದು ರೋಸ್ ಲಾಮಾರ್ಟೀನ್ ಯೇಟ್ಸ್ ಅನ್ನೋ ಹೋರಾಟಗಾರ್ತಿ 1909ರಲ್ಲಿ ನೆಟ್ಟ ಒಂದೇ ಪೈನ್ ಮರ. ಕರ್ನಲ್ ಗಿಡ ನೆಟ್ಟವರ ಫೋಟೋ ತೆಗೆದಿಟ್ಟಿದ್ದರಿಂದ ಯಾರು ಬಂದಿದ್ದರು ಅಂತ ಇವತ್ತು ನಮಗೆ ಗೊತ್ತು. ಅದಕ್ಕಾದರೂ ಆ ಮನುಷ್ಯನಿಗೆ ಗೌರವ ಕೊಡಿ ಚಿಕ್ಕಪ್ಪ.

ರಘು ಚಿಕ್ಕಪ್ಪ: ಫೋಟೋಗಳಿಗೆ ಕೊಡ್ತೀನಿ. ಸೇನೆಯ ಕೆಲಸಕ್ಕೆ ಕೊಡಲ್ಲ.

ಸುಧಾ ಅತ್ತೆ: ಮೇಘನಾ, ಮೊದಲ ಸಾಲು ಬದಲಿಸಿ ಇನ್ನೊಮ್ಮೆ ಹಾಕು. ರಾಜೀನಾಮೆ ವಿಷಯ, 1928ರ ವಿಷಯ ಎರಡೂ ಸೇರಿಸು. ನಮ್ಮ ನರ್ಸುಗಳ ಗುಂಪಿಗೆ ಕಳಿಸ್ತೀನಿ.